ನೇರಳೆ ದೀಪದಡಿಯ ಟೋಪಿ

ಆಕೆಯ ಬಳಿ ಅಣ್ಣನದೊಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಅವನ ಟೋಪಿ. ಖಾಕಿ ಬಟ್ಟೆಯದು, ಮಡಚಿದರೆ ಜೇಬಿನಲ್ಲಿ ಕೂರುವಂಥದು, ಎಡಬದಿಗೆ ಹಿತ್ತಾಳೆಯ ಬಿಲ್ಲೆ. ಹೆಣ ಸಿಕ್ಕಿರಲಿಲ್ಲ. ಯುದ್ಧ ಮುಗಿದು ಎರಡು ವರ್ಷದ ಮೇಲೆ ಚಿಕ್ಕಪ್ಪ ಎಲ್ಲೆಲ್ಲೋ ಅಲೆದು ಟೋಪಿ ತಂದು ಅಮ್ಮನ ಮಡಿಲಿಗೆ ಹಾಕಿದ್ದ.

ಅದಾಗಿ ಅರವತ್ತು ವರ್ಷ. ಈಗ ವಸ್ತುಸಂಗ್ರಹಾಲಯದವರು ಆ ಯುದ್ಧಕ್ಕೆಂದೇ ಒಂದು ಗೋಡೆ ಬಿಟ್ಟಿದ್ದರು. ಅಸಲಿ ಎಂದು ಪರೀಕ್ಷಕ ಬರೆದುಕೊಟ್ಟ ವಸ್ತುವನ್ನು ಗಾಜಿನೊಳಗಿಟ್ಟು, ಕೆಳಗೆ ಸತ್ತವನ ಹೆಸರು ಕೆತ್ತುತ್ತಾರೆ. ವಸ್ತುವಿಲ್ಲದೆ ಹೆಸರಿಲ್ಲ. ಅಣ್ಣನ ಹೆಸರು ಬೇರೆ ಯಾವ ಕಲ್ಲಿನ ಮೇಲೂ ಇರಲಿಲ್ಲ.

ಪರೀಕ್ಷಕನನ್ನು ಯುದ್ಧದ ಹಳೇ ವಸ್ತು ಕೂಡಿಡುವ ಸಂಗ್ರಾಹಕರೆಲ್ಲ ಭೂತಗನ್ನಡಿ ಎಂದು ಕರೆಯುತ್ತಿದ್ದರು. ಅವನ ಕೋಣೆಯ ಕಪಾಟುಗಳ ತುಂಬ ಟೋಪಿ, ಉಕ್ಕಿನ ಶಿರಸ್ತ್ರಾಣ, ಬಣ್ಣಗೆಟ್ಟ ತೋಳುಪಟ್ಟಿಗಳು. ಕುರ್ಚಿ ಎರಡೇ. ಆಕೆಯ ಗಂಡ ನಿಂತುಕೊಂಡ.

"ಇಷ್ಟೊಂದು ಟೋಪಿ, ತಲೆ ಒಂದೂ ಇಲ್ವಲ್ಲ ಸಾರ್," ಎಂದ.

"ತಲೆ ಉಳಿದಿದ್ರೆ ಇವು ನನ್ ಹತ್ರ ಯಾಕೆ ಬರ್ತಿದ್ವು?" ಎಂದ ಭೂತಗನ್ನಡಿ. ನಗಲಿಲ್ಲ.

ಆಕೆ ಚೀಲದಿಂದ ಟೋಪಿ ತೆಗೆದಳು. "ಇಸ್ತ್ರಿ ಹಾಕಿ ತಂದಿದೀನಿ."

ಅವನು ಬಿಲ್ಲೆಯನ್ನು ಉಗುರಿನಿಂದ ಕೆರೆದ. "ಇದನ್ನ ನಂಬೋ ಹಾಗಿಲ್ಲ. ಇದರ ಅಚ್ಚು ಇವತ್ತಿಗೂ ಸಿಗುತ್ತೆ. ಬಟ್ಟೆ ನೋಡೋಣ."

ಪರದೆ ಎಳೆದು ನೇರಳೆ ದೀಪ ಹಾಕಿದ. ಅದರಡಿ ಆ ಕಾಲದ ಬಟ್ಟೆ ಕಪ್ಪಗಿರುತ್ತದೆ, ಈಚಿನದು ಹೊಳೆಯುತ್ತದೆ. ಟೋಪಿ ಹಾಲು ಚೆಲ್ಲಿದ ಹಾಗೆ ಹೊಳೆಯಿತು.

"ನಕಲಿ ಅಮ್ಮ. ಯುದ್ಧ ಆದ್ಮೇಲೆ ಹೊಲಿದಿದ್ದು."

"ಮದುವೆಯಾದಾಗಿಂದ ಬಡ್ಕೊಳ್ತಿದೀನಿ," ಎಂದ ಗಂಡ. "ನಿಮ್ ಚಿಕ್ಕಪ್ಪ ಟೋಪಿ ತರ್ಲಿಲ್ಲ ಕಣೇ, ನಿಮ್ಮಮ್ಮಂಗೆ ಟೋಪಿ ಹಾಕಿದ್ರು."

"ಸುಮ್ನಿರ್ರೀ." ಅವಳ ದನಿಯಲ್ಲಿ ಬಲವಿರಲಿಲ್ಲ. ಆ ಅನುಮಾನ ಅವಳಿಗೂ ಇತ್ತು.

ಸಂಗ್ರಾಹಕರ ಕೂಟದಲ್ಲೊಂದು ಕಟ್ಟಳೆ. ನಕಲಿ ಎಂದಾದ ಮೇಲೆ ಒಡೆಯರು ಒಪ್ಪಿದರೆ ಅಲ್ಲೇ ಕತ್ತರಿಸಬೇಕು. ಇಲ್ಲದಿದ್ದರೆ ಅದು ಕೈ ಬದಲಾಗುತ್ತ ಹೋಗಿ ಇನ್ಯಾರನ್ನೋ ಮುಳುಗಿಸುತ್ತದೆ.

ಭೂತಗನ್ನಡಿ ಅದನ್ನು ತಿಳಿಸಿ, "ಬಲವಂತ ಇಲ್ಲ," ಎಂದ. "ವಾಪಸ್ ಬೇಕಿದ್ರೆ ಒಯ್ಯಿರಿ."

"ಅಂಗಡಿ ಟೋಪಿ ತಬ್ಕೊಂಡು ನಮ್ಮಮ್ಮ ಸಾಯೋ ತನಕ ಅತ್ತಳು. ಕತ್ತರಿಸಿ ಹಾಕಿ."

ಬಿಲ್ಲೆ ತಗಡಿನ ಕತ್ತರಿಗೆ ಸಿಕ್ಕಿ ಎರಡಾಯಿತು. ಬಟ್ಟೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಕತ್ತರಿಸಿದ. ಅಸ್ತರು ಬಿಟ್ಟುಕೊಂಡಿತು. ಒಳಮಡಿಕೆಯಲ್ಲಿ ಶಾಯಿಯ ಅಂಕಿಗಳಿದ್ದವು. ಕತ್ತರಿ ಅವುಗಳ ನಡುವೆಯೇ ಹಾದಿತ್ತು. ಅವನು ಎರಡು ತುಂಡು ಜೋಡಿಸಿ ಹಿಡಿದ.

"ಏಳು, ಎರಡು, ಎರಡು..."

"ಒಂಬತ್ತು, ಸೊನ್ನೆ, ನಾಲ್ಕು," ಎಂದಳು ಆಕೆ, ನೋಡದೆಯೇ.

"ನಿಮಗೆ ಹೇಗೆ ಗೊತ್ತು?"

"ಅಣ್ಣನ ಮಿಲಿಟರಿ ನಂಬರು. ಅವ್ನು ಸತ್ತ ಅಂತ ಬಂದ ತಂತೀಲಿ ಇತ್ತು. ಅಮ್ಮ ಬಾಯಿಪಾಠ ಮಾಡ್ಸಿದ್ಲು."

ಅವನು ತುಂಡುಗಳನ್ನು ಕೆಳಗಿಟ್ಟ. "ಇದನ್ನ ಒಗೀತಿದ್ರಾ?"

"ಒಗೀದೆ ಇರ್ತಾರಾ? ವರ್ಷಕ್ಕೊಂದ್ಸಲ. ಮೊದಲು ಅಮ್ಮ, ಆಮೇಲೆ ನಾನು. ಸೋಪಿನ ಪುಡೀಲಿ ನೆನೆಹಾಕಿ."

ಬಟ್ಟೆ ಬೆಳ್ಳಗೆ ಕಾಣಲೆಂದು ಸೋಪಿನ ಪುಡಿಗೆ ಬೆರೆಸುವ ಮದ್ದು ಎಂಥ ಹಳೇ ಬಟ್ಟೆಯನ್ನೂ ಆ ದೀಪದಡಿ ಹೊಸದು ಮಾಡಿಬಿಡುತ್ತದೆ. ಇದು ಅವನಿಗೆ ಗೊತ್ತಿತ್ತು. ಆದರೆ ಸಂಗ್ರಾಹಕರು ಕೊಳೆಯನ್ನೂ ಜೋಪಾನ ಮಾಡುವ ಜನ, ಟೋಪಿಗೆ ನೀರು ಮುಟ್ಟಿಸುವವರಲ್ಲ. ಇಪ್ಪತ್ತು ವರ್ಷ ಅವರ ಟೋಪಿಗಳನ್ನೇ ನೋಡಿದವನು, ಒಗೆದಿದ್ದೀರಾ ಎಂದು ಕತ್ತರಿಸುವ ಮೊದಲು ಒಂದು ಮಾತು ಕೇಳದೆ ಹೋಗಿದ್ದ.

"ಹೊಲಿದು ಕೊಡ್ತೀನಮ್ಮ," ಎಂದ.

"ಹೊಲಿದ್ರೆ ಗಾಜಿನೊಳಗೆ ಇಡ್ತಾರಾ?"

"ಇಲ್ಲ. ಕತ್ತರಿ ಬಿದ್ದಿದ್ದನ್ನ ಅವರು ಮುಟ್ಟಲ್ಲ."

ಗಂಡ ಕರವಸ್ತ್ರ ಹಾಸಿ ಮೇಜಿನ ಮೇಲಿದ್ದದ್ದನ್ನು ಒಂದೊಂದಾಗಿ ಎತ್ತಿಟ್ಟ. ಬಟ್ಟೆ ನಾಲ್ಕು ತುಂಡು, ಬಿಲ್ಲೆ ಎರಡು. ಗೋಡೆಯ ಮೇಲೆ ಬರಬೇಕಿದ್ದ ಹೆಸರು ಒಂದು.