ಹೆದ್ದಾರಿಯ ಮೇಲೊಂದು ಹೆಸರು

"ಉಬ್ಬಾ?" ದೋನ್ಯಾ ಎಡಿಲ್ಮಾ ಸಭೆಯ ನಡುವೆ ಎದ್ದು ನಿಂತೇ ಕೇಳಿದಳು. "ಇಷ್ಟು ವರ್ಷ ಕಾಯಿಸಿ ನಮಗೆ ಒಂದು ರಸ್ತೆ ಉಬ್ಬು ತಂದಿದೀಯಾ, ಇಂಜಿನಿಯರಮ್ಮ?"

ಕೇರಿಯ ಸಮುದಾಯ ಭವನದ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೆದ್ದಾರಿ ಬರೆಯುತ್ತಿದ್ದ ಆಯ್ದಾ ತಲೆಯೆತ್ತಿದಳು. ಪುರಸಭೆಯ ರಸ್ತೆ ವಿಭಾಗದವಳು. ಹುಟ್ಟಿದ್ದು ಇದೇ ಎಲ್ ಸಮಾನ್ ಕೇರಿಯಲ್ಲಿ. ಹೆದ್ದಾರಿಯ ಈಚೆ ಮನೆಗಳು, ಆಚೆ ಸಕ್ಕರೆ ಕಾರ್ಖಾನೆ, ಸಂತೆ, ಶಾಲೆ. ಕಬ್ಬಿನ ಬೋಗಿ ಎಳೆಯುವ ಟ್ರ್ಯಾಕ್ಟರುಗಳ ಸಂದಿಯಲ್ಲಿ ಜನ ಸೈಕಲ್ಲು ತಳ್ಳಿಕೊಂಡು, ಜೀವ ಕೈಯಲ್ಲಿ ಹಿಡಿದು ದಾಟುತ್ತಾರೆ. ಸತ್ತವರ ಜಾಗದಲ್ಲಿ ಸರ್ಕಾರದವರು ಡಾಂಬರಿನ ಮೇಲೆ ಹಳದಿ ಅಂಚಿನ ಕಪ್ಪು ನಕ್ಷತ್ರ ಬಳಿದು ಹೋಗುತ್ತಾರೆ. ಅದೊಂದು ಕೆಲಸ ಮಾತ್ರ ತಡವಾಗುವುದಿಲ್ಲ. ಕೇರಿಯವರು ಗೌರವದಿಂದ ದೋನ್ಯಾ ಎನ್ನುವ ಎಡಿಲ್ಮಾಳ ಮಗ ಆರ್ಲಿಗೂ ಅಲ್ಲೊಂದು ನಕ್ಷತ್ರವಿದೆ.

"ಬರೀ ಉಬ್ಬಲ್ಲ, ದೋನ್ಯಾ. ದಾಟೋ ಜಾಗಾನೇ ಎತ್ತರಿಸ್ತೀವಿ. ರಸ್ತೆ ಕಿರಿದು ಮಾಡ್ತೀವಿ. ಮಧ್ಯ ನಿಲ್ಲೋಕೆ ಕಟ್ಟೆ, ಸೈಕಲ್ಲಿಗೆ ಪಕ್ಕದಲ್ಲೇ ದಾರಿ. ಲಾರಿಯೋನು ನಿಧಾನ ಮಾಡ್ಲೇಬೇಕು."

"ಅವರಪ್ಪ ಅಡ್ಡ ನಿಂತ್ರೂ ಮಾಡಲ್ಲ ಅವನು!" ಸೈಕಲ್ ರಿಪೇರಿಯ ಫಾನೋರ್ ಕೂಗಿದ. ಎಲ್ಲರೂ ನಕ್ಕರು.

ಎಡಿಲ್ಮಾ ನಗಲಿಲ್ಲ. "ಮೇಲಿನ ಬಡಾವಣೆಯೋರಿಗೆ ದೀಪ ಹಾಕಿ ರಸ್ತೆ ಮೇಲೆ ನಡೆಯೋ ಸೇತುವೆ ಕಟ್ಟಿದಾರೆ. ನಮಗೆ ಮಾತ್ರ ಗುಡ್ಡೆ. ಬಡವರ ಹೆಣಕ್ಕೆ ಅಷ್ಟೇ ಸಾಕು ಅಂತಾನಾ?"

"ಆ ಸೇತುವೆ ಹತ್ತೋರು ಯಾರು ಹೇಳಿ? ಅವರೆಲ್ಲ ಕಾರಲ್ಲಿ ಓಡಾಡೋರು. ಸೈಕಲ್ ಹೊತ್ಕೊಂಡು ಅಷ್ಟು ಮೆಟ್ಟಿಲು ಹತ್ತಿ ಇಳೀತೀರಾ ನೀವು?"

ಆಗ ಮುಂದಿನ ಸಾಲಿನಲ್ಲಿದ್ದ ಕೌನ್ಸಿಲರ್ ಮೊಂತೆಅಲೆಗ್ರೆ ಗಂಟಲು ಸರಿಮಾಡಿಕೊಂಡ. ಓಟಿನ ಕಾಲ, ಅವನು ಹೋಂವರ್ಕು ಮಾಡಿಯೇ ಬಂದಿದ್ದ. "ಸೇತುವೇನೇ ಕಟ್ಟೋಣ. ಅದಕ್ಕೆ ನಮ್ಮ ಆರ್ಲಿ ಹೆಸರಿಡೋಣ."

ಎಡಿಲ್ಮಾ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಯ್ದಾ ಸೀಮೆಸುಣ್ಣ ಕೆಳಗಿಟ್ಟಳು. ಹೆತ್ತವಳಿಗೆ ಏನಂತ ಹೇಳುವುದು, ನಿನ್ನ ಮಗನ ಹೆಸರು ಬೇಡ ಅಂತಲೇ? ಕೈಗಳು ಒಂದೊಂದಾಗಿ ಮೇಲೆದ್ದವು. ಅವುಗಳಲ್ಲಿ ಆಯ್ದಾಳ ಅಮ್ಮನ ಕೈಯೂ ಇತ್ತು. ಸಭೆ ಮುಗಿದು ಜನ ಸೀಮೆಸುಣ್ಣದ ರಸ್ತೆ ತುಳಿದುಕೊಂಡೇ ಮನೆಗೆ ಹೋದರು.

ಸೇತುವೆ ಎದ್ದಿತು, ಬ್ಯಾಂಡು ಬಾರಿಸಿದರು, ಮೊಂತೆಅಲೆಗ್ರೆ ಗೆದ್ದ. ಯಾರೂ ಕೆಳಗೆ ದಾಟಬಾರದೆಂದು ರಸ್ತೆಯುದ್ದಕ್ಕೂ ಕಬ್ಬಿಣದ ಬೇಲಿ ಹಾಕಿದರು. ವಾರದೊಳಗೆ ಬೇಲಿಯಲ್ಲೊಂದು ಕಂಡಿ. ಗರಗಸ ಹಿಡಿದವನು ಫಾನೋರ್ ಅಂತ ಊರಿಗೆಲ್ಲ ಗೊತ್ತು. ಮತ್ತೆ ಅದೇ ಓಟ, ಅದೇ ಸೈಕಲ್ಲು. ಪೋಲೀಸಿನವನು ಮಾತ್ರ ಹೊಸದೊಂದು ಮಾತು ಕಲಿತ: "ಮೇಲೆ ಸೇತುವೆ ಇದೆಯಲ್ಲ, ಸತ್ತರೆ ನಿಮ್ಮದೇ ತಪ್ಪು." ಥೂ, ಎಂಥಾ ಸಲೀಸು!

ಒಂದು ಬೆಳಗ್ಗೆ ಆಯ್ದಾ ತಪಾಸಣೆಗೆ ಬಂದಾಗ ಎಡಿಲ್ಮಾ ಬೇಲಿಯ ಕಂಡಿಯ ಹತ್ತಿರ ಕಾಯುತ್ತಿದ್ದಳು.

"ಮೇಲೆ ಹೋಗ್ತೀಯಾ ಮಗಳೇ? ಹೆಸರಿನ ಹಲಗೆ ನಡುಮಧ್ಯ ಹಾಕಿದಾರಂತೆ. ನನ್ನ ಮಂಡಿ ಹತ್ತಕ್ಕೆ ಬಿಡಲ್ಲ. ಬ್ಯಾಂಡು ಬಾರಿಸಿದ ದಿನ ಕುರ್ಚೀಲಿ ಹೊತ್ಕೊಂಡು ಹೋಗ್ತೀವಿ ಅಂದ್ರು, ನಾನೇನು ಹೆಣಾನಾ ಅಂತ ಬೈದೆ." ಆಮೇಲೆ ದನಿ ತಗ್ಗಿಸಿದಳು. "ನನ್ನ ಮನೆತನದ ಹೆಸರೂ ಇದೆಯಾ ನೋಡು. ಆರ್ಲಿ ಮೊಸ್ಕೇರಾ ಬಲಾಂತಾ. ಬಲಾಂತಾ ನಂದು. ಅವನಪ್ಪ ಮೊಸ್ಕೇರಾ ಅನ್ನೋನು ಅವನು ಹುಟ್ಟೋಕೆ ಮುಂಚೇನೇ ಓಡಿಹೋದ. ಸಾಕಿದ್ದು ನಾನು."

ಆಯ್ದಾ ಹತ್ತಿದಳು. ಮೇಲೆ ನರಪಿಳ್ಳೆಯೂ ಇರಲಿಲ್ಲ. ಹಲಗೆಯ ತುಂಬ ದಪ್ಪಕ್ಷರದಲ್ಲಿ ಕೌನ್ಸಿಲರನ ಹೆಸರು, ಅಡಿಯಲ್ಲಿ ಸಣ್ಣಗೆ ಆರ್ಲಿ ಮೊಸ್ಕೇರಾ. ಅಷ್ಟೇ.

ಅವಳು ಕಂಬಿಯ ಮೇಲಿಂದ ಬಗ್ಗಿ ಕೂಗಿದಳು. "ಇದೆ ದೋನ್ಯಾ! ಬಲಾಂತಾನೂ ಇದೆ!"

ಕಬ್ಬಿನ ಟ್ರ್ಯಾಕ್ಟರು ಬೋಗಿ ಗಡಗಡಿಸುತ್ತ ಸೇತುವೆಯಡಿ ಹಾದುಹೋಯಿತು. ಅದರ ಹಿಂದೆ ಇನ್ನೊಂದು ಬರುತ್ತಿತ್ತು.

"ಏನಂದೆ? ಕೇಳಿಸ್ತಿಲ್ಲ!"

ಎಡಿಲ್ಮಾ ಕಿವಿಗೆ ಕೈ ಅಡ್ಡ ಹಿಡಿದು, ಮುಖ ಮೇಲೆತ್ತಿಕೊಂಡೇ, ಕಂಡಿ ದಾಟಿ ರಸ್ತೆಗೆ ಕಾಲಿಟ್ಟಳು.