ಸೆರಗಿನ ತುದಿ

ಕಾಳಪ್ಪನಿಗೆ ಸಿನಿಮಾದ ಚಟವೇನೂ ಇರಲಿಲ್ಲ. ಆದರೂ ಮೊಮ್ಮಗಳು ಅಂಜನಾಳ ಕೈ ಹಿಡಿದು ಗುಡೂರಿನಿಂದ ಇಳಕಲ್ಲಿಗೆ ಬಂದು, ಕಾಲೇಜಿನ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದ. ಹೆಂಡತಿ ರಾಮವ್ವ ಸತ್ತು ಮೂವತ್ತು ವರ್ಷವಾಗಿತ್ತು. ಮನೆಯಲ್ಲಿ ಅವಳದೊಂದು ಫೋಟೊ ಇಲ್ಲ. ಅವಳ ಮುಖ ಎಲ್ಲಾದರೂ ಉಳಿದಿದ್ದರೆ ಅದು ಇವತ್ತು ಇಲ್ಲಿ ತೋರಿಸುತ್ತಿದ್ದ ಈ ಹಳೆಯ ಸಿನಿಮಾದಲ್ಲಿ.

ಬ್ರಿಟಿಷರ ಪಲ್ಟನ್ನು ಊರೊಂದನ್ನು ಹಿಡಿದು ಕೂತ ಕತೆಯದು. ನಲವತ್ತೈದು ವರ್ಷದ ಹಿಂದೆ ಐಹೊಳೆಯಲ್ಲಿ ಚಿತ್ರೀಕರಣವಾದಾಗ ಸುತ್ತಲಿನ ಹಳ್ಳಿಯವರನ್ನೆಲ್ಲ ಕರೆದಿದ್ದರು. ಎತ್ತರದ ಆಳೆಂದು ಕಾಳಪ್ಪನಿಗೆ ಸಿಪಾಯಿಯ ವೇಷ ಸಿಕ್ಕಿತು. ಕುರಿ ಕಾಯುವವನಿಗೆ ಬೂಟು, ಬಂದೂಕು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ ಮೂರು ದಿನ ಮೀಸೆ ತಿರುವಿದ್ದೇ ತಿರುವಿದ್ದು. ನಾಲ್ಕನೆಯ ದಿನ ನಿರ್ದೇಶಕರು ಗುಂಪಿನಿಂದ ರಾಮವ್ವನನ್ನು ಆರಿಸಿ, ಆ ಸಿಪಾಯಿಯ ಮುಖಕ್ಕೆ ಉಗುಳು ಅಂದರು.

ಗಂಡನ ಹೆಸರನ್ನೇ ಬಾಯಿಗೆ ತರದವಳು ಉಗುಳುವುದೆಂದರೇನು? ಏಳು ಸಲ ಕ್ಯಾಮೆರಾ ಓಡಿತು, ಏಳು ಸಲವೂ ಅವಳು ನೆಲ ನೋಡುತ್ತ ನಿಂತಳು. ಬಿಸಿಲಲ್ಲಿ ಬೆಂದ ಜನ ಬೈಯತೊಡಗಿದರು. ಕೊನೆಗೆ ಕಾಳಪ್ಪನೇ ಹಲ್ಲು ಕಚ್ಚಿ ಗದರಿದ.

“ಉಗುಳ್ತಿಯೋ ಇಲ್ಲೋ? ಇಲ್ಲಂದ್ರ ತವರಿಗೆ ನಡಿ.”

ಅವಳು ಅಳುತ್ತ ಉಗುಳಿದಳು. ಮರುಕ್ಷಣವೇ ಸೆರಗಿನಿಂದ ಅವನ ಕೆನ್ನೆ ಒರೆಸಿದ್ದಳು ಎಂದು ಅವನ ನೆನಪು. ಅದು ನಿಜವೋ, ಅವಳು ಹೋದ ಮೇಲೆ ತನ್ನ ಸಮಾಧಾನಕ್ಕೆ ಕಟ್ಟಿಕೊಂಡದ್ದೋ ತಿಳಿಯದೆ ಒದ್ದಾಡುತ್ತಿದ್ದ. ಸಿನಿಮಾ ಟಾಕೀಸಿಗೆ ಬಂದಾಗ ಅವನು ಕುರಿಯ ಹಿಂದೆ ಪರ ಊರಲ್ಲಿದ್ದ.

ಈಗ ತೆರೆಯ ಮೇಲೆ ರಾಮವ್ವ ಬಂದಳು. ಇಪ್ಪತ್ತರ ಪ್ರಾಯ, ಹಣೆ ತುಂಬ ಕುಂಕುಮ. ಕಾಳಪ್ಪ ಕೂತಲ್ಲೇ ಮುಂದಕ್ಕೆ ಬಾಗಿದ. ಅವಳು ಉಗುಳಿದಳು, ಕಣ್ಣು ತುಂಬಿದವು, ಸೆರಗಿನ ತುದಿ ಹಿಡಿದ ಕೈ ಮೇಲೆದ್ದಿತು. ಅಷ್ಟರಲ್ಲಿ ದೃಶ್ಯ ಕತ್ತರಿಸಿ ಗುಂಡಿನ ಸದ್ದು ಶುರುವಾಯಿತು. ಕಾಳಪ್ಪನಿಗೆ ಅಷ್ಟು ಸಾಕಾಯಿತು. ಸ್ವಂತ ಕಣ್ಣು ಒರೆಸಿಕೊಳ್ಳುವಾಗ ಅವಳು ಯಾವತ್ತೂ ಮುಖ ತಿರುಗಿಸುತ್ತಿದ್ದಳು. ಇಲ್ಲಿ ತಿರುಗಿಸಿರಲಿಲ್ಲ.

ಸಿನಿಮಾ ಮುಗಿದ ಮೇಲೆ ಪ್ರಾಧ್ಯಾಪಕ ಪ್ರಭುಲಿಂಗ ಮಾತಾಡಿದರು. ಆ ತಾಯಿ ಕಣ್ಣೊರೆಸಿಕೊಳ್ಳಲು ಸೆರಗೆತ್ತುತ್ತಾಳಲ್ಲ, ಅದು ಪರರ ಕೈಗೆ ಸಿಕ್ಕ ಇಡೀ ನಾಡಿನ ಕಣ್ಣೀರು ಅಂದರು. ಜನ ಚಪ್ಪಾಳೆ ತಟ್ಟಿದರು.

ಕಾಳಪ್ಪ ಕೋಲೂರಿ ಎದ್ದು ನಿಂತ.

“ತಪ್ಪು ತಿಳೀಬ್ಯಾಡ್ರಿ ಸರ. ಆ ಸಿಪಾಯಿ ನಾನ ರೀ. ಅಕಿ ನನ್ನ ಹೇಣ್ತಿ, ರಾಮವ್ವ. ಸೆರಗು ಎತ್ತಿದ್ದು ತನ್ನ ಕಣ್ಣೀರಿಗಲ್ಲ, ನನ್ನ ಮಾರಿ ಒರಸಾಕ್ರಿ.”