ಖಾಲಿ ಬಿಡುವಂತಿಲ್ಲ

“ನಿಮ್ಮ ಫಾರ್ಮು ಒಂದ್ಸಲ ಬೈಯುತ್ತೆ, ನನ್ನ ಅಪ್ಲಿಕೇಶನ್ನು ಇನ್ನೊಂದ್ಸಲ ಬೈಯುತ್ತೆ. ರೋಗಿ ಎಷ್ಟು ಜನರ ಹತ್ರ ಬೈಸ್ಕೋಬೇಕು ಅತ್ತಿಗೆ?”

“ನಿಂದು ತೆಗಿ. ನಂದು ಮೊದಲಿಂದ ಇದೆ.”

“ಮೊದಲಿಂದ ಇರೋದನ್ನೆಲ್ಲ ತುಂಬಿಡೋಕೆ ಇದೇನು ಅಟ್ಟಾನಾ?”

ಅತ್ತಿಗೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಕೆಳಗೆ ಟೈರ್ ಅಂಗಡಿ, ಮೇಲೆ ಈ ಪುಟ್ಟ ಸಾಫ್ಟ್‌ವೇರ್ ಕಂಪನಿ. ಯಜಮಾನ ಅವಳ ಗಂಡ, ಎದುರು ಕೂತಿದ್ದವನು ಗಂಡನ ತಮ್ಮ. ಮೂವರೂ ಒಂದೇ ಮನೆಯಲ್ಲಿ ತಿಂಡಿ ತಿಂದು, ಒಂದೇ ಕಾರಿನಲ್ಲಿ ಬರುತ್ತಿದ್ದರು. ಆದರೆ ಅತ್ತಿಗೆ ಮೈದುನ ಮುಖ ಕೊಟ್ಟು ಮಾತಾಡಿ ಎಷ್ಟೋ ದಿನವಾಗಿತ್ತು.

ಆಸ್ಪತ್ರೆಗಾಗಿ ಮಾಡಿದ ಫಾರ್ಮುಗಳೆಲ್ಲ ಅವಳು ಹಳೆಯ ಕಂಪ್ಯೂಟರ್ ಭಾಷೆಯಾದ ಎಕ್ಸ್‌ಎಂಎಲ್‌ನಲ್ಲಿ ಬರೆದವು. ಯಾವ ಕಾಲಂ ಖಾಲಿ ಬಿಡುವಂತಿಲ್ಲ, ಯಾವ ಉತ್ತರ ಕೊಟ್ಟರೆ ಮುಂದೆ ಯಾವ ಪ್ರಶ್ನೆ ಬರಬೇಕು, ಎಲ್ಲ ನಿಯಮವೂ ಫಾರ್ಮಿನ ಹೊಟ್ಟೆಯಲ್ಲೇ ಇತ್ತು. ಮದುವೆಯಾಗಿ ಬಂದಾಗಿನಿಂದ ಅವಳು ಮಾಡಿದ ಕೆಲಸ ಅಂತ ಇದ್ದರೆ ಅದೊಂದೇ. ಮೈದುನ ಸಿದ್ಧ ಅಚ್ಚಿನಂಥ ಹೊಸ ಫ್ರೇಮ್‌ವರ್ಕ್ ಒಂದನ್ನು ಕಲಿತು, ಅದರಲ್ಲೇ ಅಪ್ಲಿಕೇಶನ್ ಕಟ್ಟಿದ್ದ. ತುಂಬಿದ ಫಾರ್ಮನ್ನು ಇಸಿದುಕೊಂಡು, ಪರೀಕ್ಷಿಸಿ, ಜೋಪಾನವಾಗಿ ಇಡುವುದು ಅದರ ಕೆಲಸ. ಎರಡನ್ನೂ ಜೋಡಿಸಿ ಎಂದು ಯಜಮಾನನ ಅಪ್ಪಣೆಯಾಯಿತು. ಜೋಡಿಸಿದ್ದೇ ತಡ, ಒಂದೇ ತಪ್ಪಿಗೆ ಪರದೆಯ ಮೇಲೆ ಎರಡೆರಡು ಕೆಂಪು ಬೈಗುಳ ಬರತೊಡಗಿದವು.

“ಯಾರಾದ್ರೂ ಒಬ್ರು ತೆಗೀರಿ,” ಎಂದ ಯಜಮಾನ. “ಯಾರು ಅಂತ ನೀವೇ ಮಾತಾಡ್ಕೊಳ್ಳಿ. ನಾಳೆ ಆಸ್ಪತ್ರೆಯ ಹೆಡ್ ನರ್ಸ್ ಬರ್ತಾರೆ. ಅವರು ಒಪ್ಪಲಿಲ್ಲ ಅಂದ್ರೆ ಹಳೇ ಫಾರ್ಮೆಲ್ಲ ಎತ್ತಿ ಬಿಸಾಕಿ, ಇವನ ಫ್ರೇಮ್‌ವರ್ಕ್‌ನಲ್ಲೇ ಹೊಸದಾಗಿ ಬರೆಸ್ತೀನಿ.”

ಹೇಳುವಾಗ ಹೆಂಡತಿಯ ಮುಖ ನೋಡಲಿಲ್ಲ. ಪುಣ್ಯಾತ್ಮನಿಗೆ ಅಷ್ಟಾದರೂ ನಾಚಿಕೆ ಇತ್ತು.

ಮಾತಾಡಿಕೊಳ್ಳುವುದೊಂದನ್ನು ಬಿಟ್ಟು ಇಬ್ಬರೂ ಎಲ್ಲ ಮಾಡಿದರು. ಮೈದುನ ಟೀ ಕುಡಿಯಲು ಇಳಿದಾಗ ಅತ್ತಿಗೆ ತನ್ನ ಫಾರ್ಮಿನ ನಿಯಮಗಳನ್ನು ಅಳಿಸಿದಳು. ಇವನದೇ ಎಲ್ಲ ಕಾಯುತ್ತದಂತಲ್ಲ, ಕಾಯಲಿ! ಅದರಲ್ಲಿ ಹುರುಳಿಲ್ಲವೆಂದು ನಾಳೆ ನರ್ಸಿನ ಎದುರೇ ಬಯಲಾಗುತ್ತದೆ, ಆಗ ತನ್ನ ಫಾರ್ಮಿನ ಬೆಲೆ ಗೊತ್ತಾಗುತ್ತದೆ ಎಂದು ಅವಳ ಲೆಕ್ಕಾಚಾರ. ಅವಳು ಊಟಕ್ಕೆ ಎದ್ದಾಗ ಮೈದುನನೂ ತನ್ನ ಕಡೆಯ ಪರೀಕ್ಷೆಯನ್ನು ತೆಗೆದುಹಾಕಿದ. ಅತ್ತಿಗೆಯ ಓಬೀರಾಯನ ಕಾಲದ ಫಾರ್ಮು ಒಬ್ಬಂಟಿಯಾಗಿ ಏನನ್ನೂ ತಡೆಯಲಾರದು ಎಂದು ಅವನಿಗೂ ಅಷ್ಟೇ ಖಾತ್ರಿ. ಮರುದಿನ ಇಬ್ಬರೂ ಇನ್ನೊಬ್ಬರ ಮಾನ ಹರಾಜಾಗುವುದನ್ನು ನೋಡಲು ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದರು.

ಹೆಡ್ ನರ್ಸ್ ಟೀ ಬೇಡವೆಂದರು. ಹೆಗಲ ಬ್ಯಾಗನ್ನೂ ಇಳಿಸದೆ ಕೂತು, ಒಂದೇ ಬೆರಳಿನಲ್ಲಿ ನಿಧಾನವಾಗಿ ಹೆಸರು, ವಯಸ್ಸು, ಫೋನ್ ನಂಬರು ಎಲ್ಲ ತುಂಬಿದರು. ‘ಯಾವ ಔಷಧಿ ಆಗಿಬರುವುದಿಲ್ಲ?’ ಎಂಬ ಕಾಲಂ ಬಂದಾಗ ಬೇಕೆಂತಲೇ ಖಾಲಿ ಬಿಟ್ಟು ಗುಂಡಿ ಒತ್ತಿದರು.

ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ನೋಂದಣಿ ಯಶಸ್ವಿ.

ಅತ್ತಿಗೆ ಗೆದ್ದವಳಂತೆ ಮೈದುನನ ಕಡೆ ನೋಡಿ ನಕ್ಕಳು. ಅವನು ಆಗಲೇ ಅವಳನ್ನು ನೋಡಿ ನಗುತ್ತಿದ್ದ. ಆ ನಗುವಿನ ಅರ್ಥ ಹೊಳೆಯಲು ಇಬ್ಬರಿಗೂ ಒಂದು ಗಳಿಗೆ ಹಿಡಿಯಿತು.

“ಹೋಯ್ತಾ?” ಎಂದರು ನರ್ಸ್. “ಹಾಗೇ ಹೋಗ್ಬಿಡ್ತಾ?”

“ಮೇಡಂ, ಅದು ಇವನು ತಡೀಬೇಕಿತ್ತು...”

“ಅಲ್ಲ ಮೇಡಂ, ಅತ್ತಿಗೆ ಫಾರ್ಮಲ್ಲೇ...”

“ಒಂದು ಹುಡುಗಿದು ಕಾಗದದ ಮೇಲೂ ಹೀಗೇ ಹೋಗಿತ್ತು,” ಎಂದರು ನರ್ಸ್. ದನಿ ಏರಲಿಲ್ಲ. “ಆ ಕಾಲಂ ಯಾರೂ ತುಂಬಿರ್ಲಿಲ್ಲ. ಇಂಜೆಕ್ಷನ್ ಕೊಟ್ಟೋಳು ನಾನು. ಹಾಸಿಗೆ ಮೇಲಿಂದ ಆ ಹುಡುಗಿ ಏಳಲೇ ಇಲ್ಲ. ಇನ್ನೊಂದ್ಸಲ ಹಾಗಾಗಬಾರ್ದು ಅಂತ ತಾನೇ ನಿಮ್ಮ ಬಾಗಿಲಿಗೆ ಬಂದಿದ್ದು?”

ನರ್ಸ್ ಹೆಗಲ ಬ್ಯಾಗನ್ನು ಸರಿಮಾಡಿಕೊಂಡರು.

“ಮನೆ ಜಗಳ ಮನೇಲಿ ಮುಗಿಸ್ಕೊಂಡು ಬನ್ರಪ್ಪ,” ಎಂದು ಎದ್ದರು. ಯಜಮಾನ “ಮೇಡಂ, ಮೇಡಂ” ಎನ್ನುತ್ತ ಮೆಟ್ಟಿಲಿಳಿದು ಹಿಂದೆ ಓಡಿದ.

ಇನ್ನು ಫಾರ್ಮುಗಳ ಕಥೆ ಮುಗಿದಂತೆಯೇ. ಆದರೂ ಅತ್ತಿಗೆ ಕೂತು, ಅಳಿಸಿದ ನಿಯಮಗಳನ್ನೆಲ್ಲ ಮತ್ತೆ ಹಾಕಿದಳು. ಆಚೆ ಮೇಜಿನಲ್ಲಿ ಮೈದುನನ ಕೀಲಿಮಣೆಯೂ ಟಕಟಕ ಎನ್ನುತ್ತಿತ್ತು. ಅವಳಿಗೆ ಅವನ ಮೇಲೆ ಕೆಟ್ಟ ಕೋಪವಿತ್ತು. ತನ್ನ ಮೇಲೆ ಅದಕ್ಕಿಂತ ಹೆಚ್ಚಾಗಿತ್ತು.

ನರ್ಸ್ ಬಿಟ್ಟುಹೋದ ದಾಖಲೆಯನ್ನು ಅಳಿಸಿಬಿಡೋಣವೆಂದು ತೆರೆದಳು. ಪರೀಕ್ಷೆಗೆಂದು ಬರೆದ ಸುಳ್ಳು ಹೆಸರಿರಬಹುದು ಅಂದುಕೊಂಡಿದ್ದಳು. ಅಲ್ಲಿ ಒಬ್ಬ ಹುಡುಗಿಯ ಪೂರ್ತಿ ಹೆಸರಿತ್ತು. ವಯಸ್ಸು ಇಪ್ಪತ್ತೆರಡು. ಫೋನ್ ನಂಬರಿನ ಪಕ್ಕದಲ್ಲಿ ‘ತಾಯಿಯದು’ ಎಂದಿತ್ತು.

ಅದರ ಕೆಳಗೆ ಎರಡು ಕೆಂಪು ಸಾಲು ಎದ್ದುಬಂದವು. ಮೇಲಿನದು ಅವಳ ಫಾರ್ಮಿನದು, ಕೆಳಗಿನದು ಅವನ ಅಪ್ಲಿಕೇಶನ್ನಿನದು: ಈ ಕಾಲಂ ಖಾಲಿ ಬಿಡುವಂತಿಲ್ಲ. ಈ ಕಾಲಂ ಖಾಲಿ ಬಿಡುವಂತಿಲ್ಲ.

ಮೈದುನ ಯಾವಾಗಲೋ ಬಂದು ಹಿಂದೆ ನಿಂತಿದ್ದ.

“ಏನಾದ್ರೂ ಬರೆದು ಮುಚ್ಚಿಬಿಡಿ ಅತ್ತಿಗೆ.”

“ಏನಂತ ಬರೀಲಿ? ಯಾವ ಔಷಧಿ ಅಂತ ನೀನು ಕೇಳಿದ್ಯಾ?”

ಅವನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಯಾವುದೋ ಟೈರಿನಿಂದ ಗಾಳಿ ಬಿಡುತ್ತಿದ್ದರು. ಖಾಲಿ ಕಾಲಂನಲ್ಲಿ ಕರ್ಸರ್ ಮಿನುಗುತ್ತಲೇ ಇತ್ತು.